ನೀಲಗಿರಿ ಕುಡಿಯುವುದು ಯಾವ ನೀರು?

ಹೋದ ವರ್ಷ ಮುಂಗಾರಿಗೆ ಮುಂಚೆ ನಮ್ಮ ದೊಡ್ಡಪ್ಪ ಎರಡು ಎಕರೆ ನೀಲಗಿರಿ ತೋಪಿನ ಬೊಡ್ಡೆ ಕೀಳಿಸಿದರು. ಊರು ಕೋಲಾರ ಜಿಲ್ಲೆಯದು. ಜೆಸಿಬಿ ಬಂದಿತ್ತು, ನಾನೂ ನೋಡೋಣ ಅಂತ ಹೋಗಿದ್ದೆ. ಒಂದೊಂದು ಬೊಡ್ಡೆ ಮೇಲೆ ಬರುವಾಗಲೂ ಕೆಳಗಿನ ಬೇರು ಪಟ್ ಅಂತ ಮುರಿಯುತ್ತಿತ್ತು. ಗುಂಡಿಯ ತಳದಲ್ಲಿ ತೋಳಿನಷ್ಟು ದಪ್ಪದ ತುಂಡು ಹಾಗೇ ಉಳಿಯುತ್ತಿತ್ತು. ಒಂದು ಗುಂಡಿಗೆ ಇಳಿದು ಮಣ್ಣು ಕೈಗೆ ತಗೊಂಡೆ. ಮುಷ್ಟಿ ಬಿಗಿಹಿಡಿದು ಬಿಟ್ಟರೆ ಹಿಟ್ಟಿನಂತೆ ಸೋರಿಹೋಯಿತು. ಬದುವಿನ ಆಚೆ ರಾಗಿ ಹೊಲ. ಅಲ್ಲಿ ಬೇಲಿ ಕಂಬಕ್ಕೆ ಅಂತ ಹೆಚ್ಚುಕಡಿಮೆ ಅಷ್ಟೇ ಆಳದ ಗುಂಡಿ ತೋಡಿದ್ದರು. ಆ ಮಣ್ಣನ್ನೂ ಹಿಡಿದು ನೋಡಿದೆ. ಉಂಡೆ ಕಟ್ಟಿತು, ಕೈ ತಣ್ಣಗಾಯಿತು.

ಎರಡು ಗುಂಡಿಗೂ ಬಿದ್ದದ್ದು ಒಂದೇ ಮಳೆ. ನಡುವೆ ಇದ್ದದ್ದು ಬರೀ ಒಂದು ಬದು.

"ನೀಲಗಿರಿ ನೀರು ಕುಡಿದುಬಿಡುತ್ತೆ" ಅನ್ನುವ ಮಾತು ನಮ್ಮ ಕಡೆ ಹುಟ್ಟಿದವರಿಗೆಲ್ಲ ಗೊತ್ತು. ಸಾವಿರ ಅಡಿ ಆಳದ ಬೋರ್‌ವೆಲ್ ನೀರನ್ನೇ ಈ ಮರ ಹೀರುತ್ತದೆ ಅಂತ ನಂಬಿದವರು ಒಂದು ಕಡೆ. ಇದೆಲ್ಲ ಸುಮ್ನೆ ಕಟ್ಟುಕಥೆ, ಎಲ್ಲ ಮರದ ಹಾಗೆ ಇದೂ ಒಂದು ಮರ ಅನ್ನುವವರು ಇನ್ನೊಂದು ಕಡೆ. ನನಗೆ ಇಬ್ಬರ ಮಾತೂ ಪೂರ್ತಿ ಸರಿ ಅನಿಸುವುದಿಲ್ಲ. ನೀಲಗಿರಿ ಕುಡಿಯುವುದು ಬೋರ್‌ವೆಲ್ ನೀರನ್ನಲ್ಲ, ಬೋರ್‌ವೆಲ್‌ಗೆ ಹೋಗಬೇಕಾಗಿದ್ದ ಮಳೆ ನೀರನ್ನು. ಈ ವ್ಯತ್ಯಾಸ ತಿಳಿಯದೆ ನಡೆಸುವ ವಾದದಿಂದ ಏನೂ ಪ್ರಯೋಜನವಿಲ್ಲ.

ಮೊದಲು ಮರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೀಲಗಿರಿ ಅಂದರೆ ಒಂದೇ ಮರ ಅಲ್ಲ. ಇದರಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚುಕಡಿಮೆ ಎಲ್ಲವೂ ಆಸ್ಟ್ರೇಲಿಯಾದವು. ನಮ್ಮ ನೇರಳೆ, ಸೀಬೆ, ಲವಂಗ ಸೇರಿದ ಕುಟುಂಬಕ್ಕೇ ಇದೂ ಸೇರಿದ್ದು. ತೋಪಿನ ಕೆಳಗೆ ಓಡಾಡಿದರೆ ಪುಟ್ಟ ಟೋಪಿಯಂಥ ಮುಚ್ಚಳಗಳು ಬಿದ್ದಿರುತ್ತವೆ, ನೋಡಿರಬಹುದು. ಮೊಗ್ಗನ್ನು ಮುಚ್ಚಿಕೊಂಡಿರುವ ಟೋಪಿ ಅದು. ಹೂವು ಅರಳುವಾಗ ಟೋಪಿ ಉದುರಿ, ಒಳಗಿನ ಬಿಳಿ ಎಳೆಗಳು ಕುಚ್ಚಿನ ಹಾಗೆ ಹರಡಿಕೊಳ್ಳುತ್ತವೆ. 1788ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞರೊಬ್ಬರು ಇದಕ್ಕೆ ಯೂಕಲಿಪ್ಟಸ್ ಅಂತ ಹೆಸರಿಟ್ಟಿದ್ದು ಈ ಟೋಪಿ ನೋಡಿಯೇ. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಚೆನ್ನಾಗಿ ಮುಚ್ಚಿದ್ದು ಅಂತ.

ಎಲೆ ನೋಡಿ, ಮಾವಿನೆಲೆಯಂತೆ ಅಗಲಕ್ಕೆ ಹರಡಿಕೊಳ್ಳುವುದಿಲ್ಲ, ಅಂಚು ಮೇಲೆ ಮಾಡಿಕೊಂಡು ನೇತಾಡುತ್ತದೆ. ನಡುಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದಿರಲಿ ಅಂತ ಮರ ಮಾಡಿಕೊಂಡ ಏರ್ಪಾಡು. ಅದಕ್ಕೇ ಈ ಮರದ ಕೆಳಗೆ ದಟ್ಟ ನೆರಳು ಸಿಗುವುದಿಲ್ಲ. ಎಲೆ ತುಂಬ ಎಣ್ಣೆ ಇರುವುದರಿಂದ ದನ ಮೂಸುವುದಿಲ್ಲ, ಆಡೂ ಬಿಟ್ಟುಬಿಡುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆಯೇ ಇದೆ, ಆದರೆ ಕಾವಲಿಲ್ಲದ ಬಯಲಿನಲ್ಲೂ ಈ ಸಸಿ ಉಳಿದುಕೊಳ್ಳುತ್ತದೆ. ಇನ್ನೊಂದು ಗುಣ ಎಲ್ಲಕ್ಕಿಂತ ದೊಡ್ಡದು. ಕಡಿದರೆ ಸಾಯುವುದಿಲ್ಲ. ಬೊಡ್ಡೆಯಿಂದ ನಾಲ್ಕಾರು ಚಿಗುರು ಒಡೆದು, ಕಬ್ಬಿನ ಕೂಳೆ ಬೆಳೆಯ ಹಾಗೆ, ಆರೇಳು ವರ್ಷಕ್ಕೆ ಮತ್ತೆ ಕಟಾವಿಗೆ ಬರುತ್ತದೆ. ಒಮ್ಮೆ ನೆಟ್ಟರೆ ಮೂರು ನಾಲ್ಕು ಕಟಾವು.

ನಮ್ಮ ನಾಡಿಗೆ ಇದು ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದ ತೋಟಕ್ಕೆ ಅನ್ನುತ್ತಾರೆ. ಆಮೇಲೆ 1843ರಲ್ಲಿ ಬ್ರಿಟಿಷರು ಉದಕಮಂಡಲದ ಕಡೆ ಸೌದೆಗಾಗಿ ನೆಟ್ಟರು. ಅಲ್ಲಿಂದಲೇ ನಮ್ಮ ಬಾಯಲ್ಲಿ ಇದು ನೀಲಗಿರಿ ಆಗಿದ್ದು. ಆದರೆ ಊಟಿಯ ನೀಲಗಿರಿ ಬೇರೆ, ಕೋಲಾರದ ನೀಲಗಿರಿ ಬೇರೆ. ಊಟಿಯದು ಎತ್ತರದ, ತಂಪಿನ ಜಾಗದಲ್ಲಿ ಬೆಳೆಯುವ ಜಾತಿ, ಎಲೆಯಲ್ಲಿ ಎಣ್ಣೆ ಜಾಸ್ತಿ. ಬಯಲುಸೀಮೆಯಲ್ಲಿ ಇರುವುದು ಹೆಚ್ಚಾಗಿ ನಂದಿ ಬೆಟ್ಟದ ಮರಗಳಿಂದ ಬಂದ ಮಿಶ್ರತಳಿ. ಅರಣ್ಯ ಇಲಾಖೆಯವರು ಅದನ್ನು ಮೈಸೂರು ಗಮ್ ಅಂತ ಕರೆಯುತ್ತಿದ್ದರು. ಬರ ತಡೆಯುತ್ತದೆ, ಬಡ ಮಣ್ಣಿನಲ್ಲೂ ನೆಟ್ಟಗೆ ಬೆಳೆಯುತ್ತದೆ, ಎಣ್ಣೆ ಮಾತ್ರ ಅಷ್ಟಕ್ಕಷ್ಟೇ.

ಈಗ ನೀರಿನ ವಿಷಯ. 1980ರ ದಶಕದಲ್ಲಿ ಈ ಜಗಳ ಜೋರಾದಾಗ ಇಯಾನ್ ಕಾಲ್ಡರ್ ಎಂಬ ಬ್ರಿಟಿಷ್ ಜಲವಿಜ್ಞಾನಿ ಮತ್ತು ನಮ್ಮ ಅರಣ್ಯ ಇಲಾಖೆಯವರು ಸೇರಿ ಕರ್ನಾಟಕದಲ್ಲೇ ಅಳತೆಗೆ ಇಳಿದರು. ಅವರು ಅಳೆದ ರೀತಿ ನನಗೆ ತುಂಬಾ ಇಷ್ಟ. ಮರದ ಕಾಂಡಕ್ಕೆ ಡ್ಯೂಟೀರಿಯಮ್ ಎಂಬ ಭಾರದ ಜಲಜನಕ ಸೇರಿದ ನೀರನ್ನು ಸೇರಿಸುವುದು. ರೆಂಬೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಎಲೆ ಬಿಡುವ ಆವಿಯನ್ನು ಹನಿಹನಿಯಾಗಿ ಹಿಡಿಯುವುದು. ಆ ಗುರುತಿನ ನೀರು ಎಷ್ಟು ದಿನದಲ್ಲಿ ಎಷ್ಟು ಹೊರಬಂತು ಅನ್ನುವುದರ ಮೇಲೆ ಮರ ದಿನಕ್ಕೆ ಎಷ್ಟು ನೀರು ಎಳೆಯುತ್ತಿದೆ ಅಂತ ಲೆಕ್ಕ ಹಾಕುವುದು. ಜೊತೆಗೆ ನೆಲಕ್ಕೆ ಕೊಳವೆ ಇಳಿಸಿ, ಯಾವ ಆಳದಲ್ಲಿ ಎಷ್ಟು ತೇವ ಇದೆ ಅಂತ ಮತ್ತೆ ಮತ್ತೆ ನೋಡಿದರು.

ಸಿಕ್ಕ ಉತ್ತರ ಒಂದಲ್ಲ, ಎರಡು. ಶಿವಮೊಗ್ಗದ ಕಡೆ, ಮೂರು ಮೀಟರ್‌ನಷ್ಟು ಆಳದ ಮಣ್ಣಿನಲ್ಲಿ, ಎಳೆ ನೀಲಗಿರಿ ತೋಪು ಬಳಸಿದ ನೀರು ಪಕ್ಕದ ಕುರುಚಲು ಕಾಡು ಬಳಸಿದ್ದಕ್ಕಿಂತ ಜಾಸ್ತಿ ಇರಲಿಲ್ಲ. ನೀಲಗಿರಿ ಪರ ಮಾತಾಡುವವರು ಇದೊಂದನ್ನೇ ಹೇಳಿ ನಿಲ್ಲಿಸುತ್ತಾರೆ. ಆದರೆ ಎರಡೂ ಬಿದ್ದ ಮಳೆಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಕೊಂಡಿದ್ದವು. ರಾಗಿ ಬೆಳೆ ಬಳಸುವುದರ ಸುಮಾರು ಎರಡರಷ್ಟು ಅದು. ಹೊಸಕೋಟೆಯಲ್ಲಿ ಕಂಡದ್ದು ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಅಲ್ಲಿ ಮಣ್ಣು ಆಳ. ಬೇರು ವರ್ಷಕ್ಕೆ ಎರಡು ಮೀಟರ್‌ಗೂ ಜಾಸ್ತಿ ಕೆಳಗಿಳಿಯುತ್ತ, ಎಂಟು ಮೀಟರ್ ಆಳದವರೆಗೂ ಹೋಗಿ, ಹಿಂದಿನ ವರ್ಷಗಳಲ್ಲಿ ಮಣ್ಣು ಕೂಡಿಟ್ಟುಕೊಂಡಿದ್ದ ತೇವವನ್ನೂ ಎಳೆದುಕೊಂಡಿತ್ತು. ಮೂರು ವರ್ಷದಲ್ಲಿ ಬಿದ್ದ ಮಳೆಗಿಂತ ಮರಗಳು ಬಳಸಿದ ನೀರೇ ಜಾಸ್ತಿ! ನಾನು ದೊಡ್ಡಪ್ಪನ ಹೊಲದ ಗುಂಡಿಯಲ್ಲಿ ಹಿಡಿದದ್ದು ಇದೇ ಮಣ್ಣನ್ನು.

ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. ಕೋಲಾರದ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,000 ಲೀಟರ್‌ಗೆ ಸ್ವಲ್ಪ ಜಾಸ್ತಿ. ಅಂದರೆ ವರ್ಷಕ್ಕೆ ಎಕರೆಗೆ 28 ಲಕ್ಷ ಲೀಟರ್. ರಾಗಿ ಹೊಲ ಇದರಲ್ಲಿ ಅರ್ಧ ಬಳಸಿತು ಅಂದುಕೊಳ್ಳಿ. ಉಳಿದದ್ದೆಲ್ಲ ನೆಲಕ್ಕೆ ಇಂಗುವುದಿಲ್ಲ, ಒಂದಷ್ಟು ಹರಿದು ಕೆರೆಗೆ ಹೋಗುತ್ತದೆ, ಒಂದಷ್ಟು ಆವಿಯಾಗುತ್ತದೆ. ಬರೀ 100 ಮಿಲಿಮೀಟರ್ ಕೆಳಗಿಳಿಯಿತು ಅಂದರೂ ನಾಲ್ಕು ಲಕ್ಷ ಲೀಟರ್ ಆಯಿತು. 5,000 ಲೀಟರ್ ಹಿಡಿಸುವ ಟ್ಯಾಂಕರ್ 80 ಸಲ ಬಂದು ಸುರಿದಷ್ಟು ನೀರು, ಅದೂ ಒಂದೇ ಎಕರೆಗೆ. ಅದೇ ಎಕರೆಯಲ್ಲಿ ನೀಲಗಿರಿ ಇದ್ದರೆ ಈ 80 ಟ್ಯಾಂಕರ್ ನೀರು ಕೆಳಗೆ ಇಳಿಯುವುದೇ ಇಲ್ಲ. ಬೋರ್ ಒಣಗಿದ್ದಕ್ಕೆ ಕಾರಣ ನೀಲಗಿರಿ ಒಂದೇ ಅಲ್ಲ, ಸಾವಿರ, ಸಾವಿರದೈನೂರು ಅಡಿ ಕೊರೆದು ಹಗಲೂ ರಾತ್ರಿ ಮೋಟಾರ್ ಓಡಿಸಿದವರು ನಾವೇ. ಆದರೆ ಖರ್ಚು ಏರುತ್ತಿದ್ದ ಹೊತ್ತಲ್ಲೇ ಜಮಾ ಬಾಗಿಲನ್ನೂ ಮುಚ್ಚಿದೆವು.

ಇದು ಕೋಲಾರದ ಕಥೆ ಮಾತ್ರ ಅಲ್ಲ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಒಂದು ಕಾಲಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ತುಂಬಿಸಿ ಬೆಂಗಳೂರಿಗೆ ಕುಡಿಯುವ ನೀರು ಕೊಡುತ್ತಿತ್ತು. ಅದು ಯಾಕೆ ಒಣಗಿತು ಅಂತ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹುಡುಕಿದರು. ಮಳೆ ಕಡಿಮೆಯಾಗಿದ್ದು ಕಾರಣ ಅಲ್ಲ ಅಂತ ಕಂಡಿತು. ಅವರು ಬೆರಳು ತೋರಿಸಿದ್ದು ಮುಖ್ಯವಾಗಿ ಎರಡರ ಕಡೆ. ಅಂತರ್ಜಲ ಎತ್ತುವುದು ಒಂದು, ನೀಲಗಿರಿ ತೋಪುಗಳು ಇನ್ನೊಂದು.

ಇಲ್ಲಿ ಮರಕ್ಕೆ ಅನ್ಯಾಯ ಮಾಡಬಾರದು. ಒಂದು ಲೀಟರ್ ನೀರಿಗೆ ಎಷ್ಟು ಕಟ್ಟಿಗೆ ಕೊಡುತ್ತದೆ ಅಂತ ನೋಡಿದರೆ ನೀಲಗಿರಿ ದುಂದು ಮಾಡುವ ಮರ ಅಲ್ಲ. ಬೇಗ ಬೆಳೆಯುತ್ತದೆ, ಅದಕ್ಕೆ ತಕ್ಕಂತೆ ಕುಡಿಯುತ್ತದೆ. ಬೇರೆ ದೇಶಗಳಲ್ಲಿ ಇದೇ ಗುಣ ಬೇಕು ಅಂತಲೇ ಇದನ್ನು ನೆಟ್ಟವರಿದ್ದಾರೆ. ಇಟಲಿಯಲ್ಲಿ ರೋಮ್ ಸುತ್ತಿನ ಜೌಗು ನೆಲದಲ್ಲಿ ಮಲೇರಿಯಾ ಕಾಟ ಇದ್ದಾಗ, ನೆಲ ಒಣಗಲಿ ಅಂತ ನೀಲಗಿರಿ ಹಾಕಿದ್ದರು. ನೀರು ನಿಂತು ಕೊಳೆಯುವ ಕಡೆ ಇದು ಒಳ್ಳೆಯ ಕೆಲಸಗಾರ. ನಾವು ತಂದು ನಿಲ್ಲಿಸಿದ್ದು ಎಲ್ಲಿ? ಒಂದು ಶಾಶ್ವತ ನದಿಯೂ ಇಲ್ಲದ, ಕೆರೆಗಳನ್ನೇ ನಂಬಿದ ಜಿಲ್ಲೆಯಲ್ಲಿ, ಅದೂ ರಾಗಿ ಹೊಲದ ನಡುವೆ.

ಯಾಕೆ ಹಾಗಾಯಿತು? ಪೇಟೆಯಲ್ಲಿ ಕೂತು ರೈತರನ್ನು ಬೈಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. 1980ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂತು. ಹಳ್ಳಿಗೆ ಸೌದೆ, ಮೇವು ಸಿಗಲಿ ಅನ್ನುವುದು ಅದರ ಉದ್ದೇಶ. ಆದರೆ ನರ್ಸರಿಗಳಲ್ಲಿ ಬೆಳೆದು ಹಂಚಿದ್ದು ಲಕ್ಷಗಟ್ಟಲೆ ನೀಲಗಿರಿ ಸಸಿ. ತಗೊಳ್ಳಲು ಪೇಪರ್ ಕಾರ್ಖಾನೆಗಳು, ಮರದ ತಿರುಳಿನಿಂದ ಬಟ್ಟೆಯ ನೂಲು ಮಾಡುವ ರೇಯಾನ್ ಕಾರ್ಖಾನೆಗಳು ಸಿದ್ಧವಿದ್ದವು. ರೈತನ ಕಡೆಯಿಂದ ನೋಡಿ. ರಾಗಿ ಅಂದರೆ ಉಳುಮೆ, ಬಿತ್ತನೆ, ಕಳೆ, ಕುಂಟೆ, ಕೊಯ್ಲು, ಕಣ, ಎಲ್ಲಕ್ಕೂ ಆಳು. ಇಷ್ಟೆಲ್ಲ ಮಾಡಿದ ಮೇಲೂ ಮಳೆ ಕೈಕೊಟ್ಟರೆ ಏನೂ ಇಲ್ಲ. ನೀಲಗಿರಿ ನೆಟ್ಟು ಬಿಟ್ಟರೆ ಆರೇಳು ವರ್ಷಕ್ಕೆ ವ್ಯಾಪಾರಿ ತಾನೇ ಬಂದು, ಕಡಿದುಕೊಂಡು, ಇಡಿಗಂಟು ಕೈಗೆ ಕೊಡುತ್ತಾನೆ. ಮಗಳ ಮದುವೆಯೋ, ಮಗನ ಕಾಲೇಜೋ ಆ ದುಡ್ಡಿನಲ್ಲಿ ದಾಟುತ್ತದೆ. ಇನ್ನೊಂದು ಕಾರಣವೂ ಇತ್ತು, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. 1974ರ ಭೂಸುಧಾರಣೆ ಆದ ಮೇಲೆ ಪೇಟೆ ಸೇರಿದ್ದ ಜಮೀನುದಾರರಿಗೆ ಗೇಣಿಗೆ ಕೊಡಲು ಭಯ. ಬೀಳು ಬಿಡುವುದೂ ಬೇಡ, ಉಳುವವನೂ ಬೇಡ ಅನ್ನುವವರಿಗೆ ನೀಲಗಿರಿ ಸರಿಯಾಗಿ ಹೊಂದಿಕೊಂಡಿತು.

ಪೆಟ್ಟು ಬಿದ್ದದ್ದು ಯಾರಿಗೆ ಅಂದರೆ ಕೂಲಿಯವರಿಗೆ ಮತ್ತು ದನ ಕುರಿ ಇದ್ದವರಿಗೆ. ರಾಗಿ ಹೊಲ ಅಂದರೆ ಬರೀ ರಾಗಿ ಅಲ್ಲ. ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಅಂಚಲ್ಲಿ ಹುಚ್ಚೆಳ್ಳು. ಮನೆಗೆ ಕಾಳು, ದನಕ್ಕೆ ಹುಲ್ಲು, ಕೂಲಿಯವರಿಗೆ ವರ್ಷವಿಡೀ ಒಂದಲ್ಲ ಒಂದು ಕೆಲಸ. ತೋಪಿನಲ್ಲಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಹೆಣ್ಣುಮಕ್ಕಳಿಗೆ ಉಳಿದದ್ದು ಒಲೆಗೆ ತರಗು ಗುಡಿಸಿಕೊಂಡು ಬರುವುದು ಮಾತ್ರ.

ಜನ ಸುಮ್ಮನೆ ಕೂರಲಿಲ್ಲ ಅನ್ನುವುದನ್ನೂ ನೆನಪಿಸಿಕೊಳ್ಳಬೇಕು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹುಣಸೆ, ಮಾವಿನ ಬೀಜ ಹಾಕಿದರು. ಅದರ ಮರುವರ್ಷ ಸರ್ಕಾರ ಹರಿಹರದ ರೇಯಾನ್ ತಿರುಳಿನ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಕಂಪನಿ ಮಾಡಿತು. ಧಾರವಾಡ, ಶಿವಮೊಗ್ಗ ಕಡೆಯ ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಯುವ ಯೋಜನೆ. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಜಾಗ ಅದು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿದರು. ನೂರು ನೀಲಗಿರಿ ಸಸಿ ಕಿತ್ತು, ಆ ಜಾಗಕ್ಕೆ ತಮಗೆ ಬೇಕಾದ ಸಸಿ ನೆಟ್ಟರು. ಆ ಸತ್ಯಾಗ್ರಹಕ್ಕೆ ಅವರಿಟ್ಟ ಹೆಸರು ಕಿತ್ತಿಕೋ-ಹಚ್ಚಿಕೋ. ಆ ಕಡೆ ಹಚ್ಚುವುದು ಅಂದರೆ ನೆಡುವುದು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜೊತೆ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1991ರಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು. ಬರೀ ಕೀಳುವುದಲ್ಲ, ಕಿತ್ತ ಕಡೆ ಇನ್ನೊಂದು ಹಚ್ಚುವುದು. ಇವತ್ತಿನ ಚರ್ಚೆಯಲ್ಲಿ ಈ ಎರಡನೆಯ ಭಾಗವೇ ಕಾಣುತ್ತಿಲ್ಲ ಅನ್ನುವುದು ನನ್ನ ಬೇಸರ.

ಉಪಯೋಗಗಳನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಾತು ಒಂದೇ ಕಡೆ ವಾಲುತ್ತದೆ. ನಾವು ಬರೆಯುವ ಕಾಗದ, ಹಾಕಿಕೊಳ್ಳುವ ರೇಯಾನ್ ಬಟ್ಟೆ, ಮನೆ ಕಟ್ಟುವಾಗ ತಾರಸಿಗೆ ಕೊಡುವ ಸೆಂಟ್ರಿಂಗ್ ಕಂಬ, ಸಾರವೆ, ಚಪ್ಪರದ ಗಳ, ಇಟ್ಟಿಗೆ ಗೂಡಿನ ಸೌದೆ, ಇವೆಲ್ಲದರಲ್ಲೂ ಈ ಮರದ ಪಾಲಿದೆ. ಕೋಲಾರದ ಟೊಮೆಟೊ ಗಿಡಕ್ಕೆ ಆಸರೆ ಕೊಡುವ ಕಡ್ಡಿಗೂ ಇದನ್ನು ಬಳಸುತ್ತಾರೆ. ಒಣಗುವಾಗ ಸೊಟ್ಟಗಾಗಿ ಸೀಳುವುದರಿಂದ ಬಾಗಿಲು, ಮಂಚಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಹೂವಿಗೆ ಜೇನುಹುಳ ಚೆನ್ನಾಗಿ ಬರುತ್ತವೆ. ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರ. ಊಟಿ ಕಡೆ ಎಲೆಯನ್ನು ಭಟ್ಟಿಗೆ ತುಂಬಿ ಹಬೆಯಿಂದ ಇಳಿಸುವ ಎಣ್ಣೆ ಅದು, ಮೂಗು ಬಿಡಿಸುವ ಆ ಘಾಟು ಅದರಲ್ಲಿರುವ ಸಿನಿಯೋಲ್ ಎಂಬ ರಾಸಾಯನಿಕದ್ದು. ಮೈಗೆ ಹಚ್ಚಿಕೊಳ್ಳಲಿಕ್ಕೆ, ಆವಿ ತಗೊಳ್ಳಲಿಕ್ಕೆ ಸರಿ. ಹೊಟ್ಟೆಗೆ ಹೋದರೆ ಅದು ವಿಷ. ಸಣ್ಣ ಮಕ್ಕಳಿಗೆ ಸ್ವಲ್ಪವೇ ಹೋದರೂ ಫಿಟ್ಸ್ ಬರಬಹುದು. ಶೀತ ಅಂತ ಹಸುಗೂಸಿನ ಮೂಗಿಗೆ ಹನಿ ಬಿಡುವ ಅಭ್ಯಾಸ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ಮತ್ತು ಅಕೇಶಿಯಾ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಬೊಡ್ಡೆಯಿಂದ ತಾನಾಗಿ ಒಡೆಯುವ ಚಿಗುರನ್ನು ಯಾರೂ ನೆಡಬೇಕಿಲ್ಲ, ಅಲ್ವಾ? ಕಡಿದ ತೋಪು ಆರೇಳು ವರ್ಷಕ್ಕೆ ಮತ್ತೆ ತೋಪು. ಅದನ್ನು ನಿಲ್ಲಿಸಬೇಕು ಅಂದರೆ ಬೊಡ್ಡೆ ಕೀಳಬೇಕು, ಜೆಸಿಬಿ ಗಂಟೆ ಲೆಕ್ಕದಲ್ಲಿ ಓಡುತ್ತದೆ. ನಮ್ಮ ದೊಡ್ಡಪ್ಪ ಮೂರನೇ ಕಟಾವಿನ ದುಡ್ಡಿನಲ್ಲಿ ಒಂದು ಪಾಲು ಅದಕ್ಕೇ ಹಾಕಿದರು. ಇನ್ನೊಂದು ಪಕ್ಕದ ಹೊಲದವರು ತಮ್ಮ ತೋಪು ಹಾಗೇ ಬಿಟ್ಟಿದ್ದಾರೆ. ಯಾಕಣ್ಣ ಅಂತ ಕೇಳಿದೆ. "ಮಕ್ಕಳು ಬೆಂಗಳೂರಲ್ಲಿ. ನನಗೆ ಅರವತ್ತೆಂಟು. ರಾಗಿ ಯಾರು ಬಿತ್ತೋದು, ಯಾರು ಕೊಯ್ಯೋದು, ನೀನು ಬರ್ತೀಯೇನಪ್ಪಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಪ್ರಶ್ನೆಗೆ ಉತ್ತರ ಕೊಡದ ನಿಷೇಧ ಅರ್ಧ ನಿಷೇಧ ಅಂತ ನನ್ನ ಅಭಿಪ್ರಾಯ. ದಕ್ಷಿಣ ಆಫ್ರಿಕಾದವರು ಇದನ್ನು ಬೇರೆ ದಾರಿಯಿಂದ ನೋಡಿದರು. 1998ರ ಅವರ ಜಲ ಕಾಯ್ದೆಯಲ್ಲಿ ವಾಣಿಜ್ಯ ನೆಡುತೋಪನ್ನು ಹೊಳೆಯ ಹರಿವು ಕಡಿಮೆ ಮಾಡುವ ಚಟುವಟಿಕೆ ಅಂತ ಘೋಷಿಸಿದರು. ತೋಪು ಹಾಕುವವನೂ ನೀರು ಬಳಸುವವನೇ, ಪಂಪ್ ಇಟ್ಟವನ ಹಾಗೆ ಅವನಿಗೂ ಪರವಾನಗಿ ಬೇಕು. ನಮ್ಮಲ್ಲಿ ಇದೇ ಲೆಕ್ಕವನ್ನು ತಿರುಗಿಸಿ ನೋಡಬಹುದು. ತೋಪು ತೆಗೆದ ರೈತ ನೆಲಕ್ಕೆ ನೀರು ಬಿಡುತ್ತಿದ್ದಾನೆ, ಅದರ ಲಾಭ ಊರಿಗೆಲ್ಲ ಸಿಗುತ್ತದೆ, ಹಾಗಾದರೆ ಅದರ ಖರ್ಚು ಅವನೊಬ್ಬನೇ ಯಾಕೆ ಹೊರಬೇಕು? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಪಂಪ್ ಹೊಡೆದು ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದೇವೆ. ಅಷ್ಟು ದೂರದಿಂದ ನೀರು ತರಲು ದುಡ್ಡಿದೆ. ಆ ಕೆರೆಗಳ ಮೇಲಿನ ಜಮೀನಲ್ಲಿ ಬಿದ್ದ ಮಳೆಯನ್ನೇ ಕೆಳಗಿಳಿಸಲು ಬೊಡ್ಡೆ ಕೀಳುವ ಬಾಡಿಗೆ ಕೊಡಬಹುದು. ಮೊದಲ ಮೂರು ನಾಲ್ಕು ವರ್ಷ ಎಕರೆಗೆ ಇಷ್ಟು ಅಂತ ಸಹಾಯಧನವನ್ನೂ ಕೊಡಬಹುದು. ವಯಸ್ಸಾದವರಿಗೆ, ಆಳು ಸಿಗದವರಿಗೆ ಹುಣಸೆ, ಹೊಂಗೆ, ಮಾವು ಇವೆ. ಇವೂ ಮರಗಳೇ, ಇವೂ ನೀರು ಬಳಸುತ್ತವೆ. ಆದರೆ ನೀಲಗಿರಿಯ ಹಾಗೆ ಒತ್ತೊತ್ತಾಗಿ ನೆಡುವುದಿಲ್ಲ, ದೂರದೂರ ನೆಟ್ಟು ನಡುವೆ ಹುರುಳಿ ಚೆಲ್ಲಿಕೊಳ್ಳಬಹುದು.

ಎಲ್ಲಿ ತೆಗೆಯಬೇಕು ಅನ್ನುವುದಕ್ಕೂ ಒಂದು ಕ್ರಮ ಬೇಕು. ಕೆರೆಗೆ ನೀರು ಬರುವ ರಾಜಕಾಲುವೆಯ ಆಚೀಚೆ, ಆಳ ಮಣ್ಣಿನ ಹೊಲಗಳಲ್ಲಿ, ಗೋಮಾಳದಲ್ಲಿ ಮೊದಲು. ಕಲ್ಲು ನೆಲದ ಗುಡ್ಡದಲ್ಲಿ ಇರುವ ತೋಪನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಕಾಗದಕ್ಕೂ ಕಂಬಕ್ಕೂ ಮರ ಬೇಕೇ ಬೇಕು, ಅದನ್ನು ಮಳೆ ಧಾರಾಳವಾಗಿರುವ ಕಡೆ, ನೀರಿನ ಲೆಕ್ಕ ಹಾಕಿ ಬೆಳೆಯಲಿ. ಹಾಗಂತ ಮಲೆನಾಡಿನ ಕಾಡು ಕಡಿದು ಬೆಳೆಯಿರಿ ಅಂತ ಅಲ್ಲ. ಅಲ್ಲಿ ಅಕೇಶಿಯಾ ಬೇಡ ಅಂತ ಜನ ಹೋರಾಡುತ್ತಿರುವುದಕ್ಕೂ ಬಲವಾದ ಕಾರಣವಿದೆ.

ಕೊನೆಯದಾಗಿ, ತೋಪು ತೆಗೆದವರು ತಿಳಿದಿರಬೇಕಾದ ಒಂದು ವಿಷಯ. ಮರ ಹೋದ ಮರುವರ್ಷವೇ ಬಾವಿಯಲ್ಲಿ ನೀರು ಬರುವುದಿಲ್ಲ. ಆರೇಳು ಮೀಟರ್ ಆಳದ ಮಣ್ಣು ಇಪ್ಪತ್ತು ವರ್ಷ ಒಣಗಿ ಕೂತಿದೆ. ಮೊದಲ ಕೆಲವು ವರ್ಷದ ಮಳೆಯನ್ನು ಆ ಮಣ್ಣೇ ಹೀರಿಕೊಳ್ಳುತ್ತದೆ. ಅದರ ದಾಹ ತೀರಿದ ಮೇಲೆ ತಾನೇ ಉಳಿದದ್ದು ಕೆಳಗಿಳಿಯೋದು. ಕಿತ್ತರೂ ನೀರು ಬರಲಿಲ್ಲ ಅಂತ ಎರಡನೇ ವರ್ಷಕ್ಕೇ ಬೇಸರ ಮಾಡಿಕೊಂಡು ಮತ್ತೆ ಚಿಗುರು ಬಿಟ್ಟವರನ್ನು ನಾನು ಕಂಡಿದ್ದೇನೆ.

ದೊಡ್ಡಪ್ಪ ಆ ಎರಡು ಎಕರೆಯಲ್ಲಿ ಕಳೆದ ಮಳೆಗಾಲ ರಾಗಿ ಹಾಕಿದ್ದರು, ಆರು ಸಾಲಿಗೆ ಒಂದು ಅವರೆ ಸಾಲು. ಪೈರು ಸೊರಗಿತ್ತು, ಬದುವಿನ ಆಚೆಯ ಹೊಲದ ಅರ್ಧದಷ್ಟೂ ಇಳುವರಿ ಬರಲಿಲ್ಲ. ಅವರೆ ಪರವಾಗಿರಲಿಲ್ಲ. ಕೊಟ್ಟಿಗೆ ಗೊಬ್ಬರ ನಾಲ್ಕು ಲೋಡು ಹೊಡೆಸಿ, ಈ ವರ್ಷವೂ ಉತ್ತಿಟ್ಟಿದ್ದಾರೆ. ಮೊನ್ನೆ ಹೋದಾಗ ನೇಗಿಲಿಗೆ ಸಿಕ್ಕ ಬೇರಿನ ತುಂಡುಗಳನ್ನು ಬದುವಿನ ಮೇಲೆ ಒಟ್ಟಿದ್ದರು. ನಾನು ಮತ್ತೆ ಒಂದು ಹಿಡಿ ಮಣ್ಣು ತೆಗೆದೆ, ಮೊಣಕೈ ಆಳದಿಂದ. ಉಂಡೆ ಕಟ್ಟಿತು. ಅದಕ್ಕಿಂತ ಕೆಳಗೆ ಇನ್ನೂ ಪುಡಿಯೇ.